ಮೊದಲು ಮರ, ಆಮೇಲೆ ಹಕ್ಕಿ ಕಣ್ಣು

*1/8*

ಫೋಟೋದಲ್ಲಿ ಏನೂ ಇಲ್ಲ ಅಂತ ಸ್ಕ್ರಾಲ್ ಮಾಡ್ಬೇಡಿ. ಇರೋದು ಒಂದು ಶಾಲೆ ಗೋಡೆ, ಅದರ ಮೇಲೆ ಚಾಕ್‌ಪೀಸಲ್ಲಿ ಬರೆದ ಎರಡು ಸೊನ್ನೆ. ಒಂದು ಚಪಾತಿಯಷ್ಟು, ಇನ್ನೊಂದು ಗಾಡಿ ಚಕ್ರದಷ್ಟು. ಮಕ್ಕಳ ಮುಖ ಹಾಕಿಲ್ಲ, ಹಾಕೋದೂ ಇಲ್ಲ. ಈ ಎರಡು ಸೊನ್ನೆ ಬಗ್ಗೆ ಎಂಟು ಪೋಸ್ಟ್ ಬರೀತಿದ್ದೀನಿ. ಡಿಎಡ್ ಮಾಡ್ತಿರೋ ನನ್ನ ಬ್ಯಾಚಿನವರೇ, ಮೊದಲು ನೀವು ಓದಿ. ಮನೇಲಿ ತಮ್ಮ, ತಂಗಿ, ಅಕ್ಕನ ಮಗು ಇರೋರೂ ಓದಿ.

ಇಂಟರ್ನ್‌ಶಿಪ್‌ನ ಎರಡನೇ ವಾರ. ಒಂದು, ಎರಡನೇ ಕ್ಲಾಸಿನ ಮಕ್ಕಳನ್ನ ಮೈದಾನಕ್ಕೆ ಕರ್ಕೊಂಡು ಹೋಗಿದ್ದೆ. ಒಂದು ವಿಕೆಟ್ ನೆಟ್ಟೆ. ಹದಿನೈದು ಹೆಜ್ಜೆ ದೂರಕ್ಕೆ ಗೆರೆ ಎಳೆದೆ. ಮೂವತ್ತು ಮಕ್ಕಳನ್ನ ಸಾಲಲ್ಲಿ ನಿಲ್ಲಿಸಿ, ಇದ್ದ ಒಂದು ಟೆನಿಸ್ ಬಾಲ್ ಕೊಟ್ಟು, "ವಿಕೆಟ್‌ಗೆ ಹೊಡೀರಿ" ಅಂದೆ. ಇಬ್ಬರು ಹುಡುಗರು ಹೊಡೆದ್ರು, ಚಪ್ಪಾಳೆ ಬಿತ್ತು. ಎರಡನೇ ಕ್ಲಾಸಿನ ಒಬ್ಬಳು ಮೂರು ಸಲ ಎಸೆದಳು. ಮೂರು ಸಲವೂ ಚೆಂಡು ಅವಳ ಕಾಲ ಹತ್ತಿರವೇ ಬಿತ್ತು. ಸಾಲಿನಿಂದ ಯಾರೋ ಕೂಗಿದ್ರು: "ಅವಳಿಗೆ ಬರಲ್ಲ ಮಿಸ್!"

ಮಾರನೇ ದಿನ ಅವಳ ಸರದಿ ಬಂದಾಗ ಚೆಂಡು ಮುಟ್ಟೋ ಮೊದಲೇ ಅವಳೇ ಹೇಳಿದಳು: "ನಂಗೆ ಬರಲ್ಲ ಮಿಸ್." ವಯಸ್ಸು ಏಳು.

ಆ ವಿಕೆಟ್ ನೆಟ್ಟೋಳು ನಾನು. ಆ ಗೆರೆ ಎಳೆದೋಳೂ ನಾನೇ. ಅದಕ್ಕೇ ಈ ಸಿಟ್ಟು ಬೇರೆಯವರ ಮೇಲೆ ಮಾತ್ರ ಅಂತ ಅನ್ಕೋಬೇಡಿ.

ನಾನು ಹೇಳೋದು ಇಷ್ಟೇ: ಪುಟ್ಟ ಮಗು ಎಸೆದ ಚೆಂಡು ಗುರಿಗೆ ತಾಗ್ತಾನೇ ಇಲ್ಲ ಅಂದ್ರೆ ತಪ್ಪು ಮಗುವಿನದಲ್ಲ. ಗುರಿ ಇಟ್ಟವರದು.

*2/8*

"ಅಯ್ಯೋ, ಚೆಂಡು ಎಸೆಯೋದು ಅಷ್ಟು ದೊಡ್ಡ ವಿಷ್ಯಾನಾ?" ಅಂತ ಕೇಳ್ತೀರ. ನಮ್ಮ ಬೀದಿ ಲಗೋರಿ ಕಥೆ ಹೇಳ್ತೀನಿ ಕೇಳಿ.

ಏಳು ಚಪ್ಪಟೆ ಕಲ್ಲು ಒಂದರ ಮೇಲೊಂದು. ಗೆರೆಯಿಂದ ಚೆಂಡು ಎಸೆದು ಬೀಳಿಸ್ಬೇಕು. ಒಬ್ಬೊಬ್ಬರಿಗೆ ಮೂರು ಚಾನ್ಸ್. ಆದ್ರೆ ಟೀಮ್ ಗೆಲ್ಲಬೇಕಲ್ಲ, ಅದಕ್ಕೆ ಚೆನ್ನಾಗಿ ಎಸೆಯೋರೇ ಮೊದಲು ಎಸೀತಿದ್ರು. ಕಲ್ಲು ಬಿದ್ದುಬಿಡ್ತಿತ್ತು. ನನ್ನ ಸರದಿ ಬರ್ತಾನೇ ಇರ್ಲಿಲ್ಲ. ನನ್ನ ಕೆಲಸ ಏನು ಗೊತ್ತಾ? ಚರಂಡಿಗೆ ಬಿದ್ದ ಚೆಂಡು ತರೋದು. ಮೂರು ವರ್ಷ ಲಗೋರಿ ಆಡಿದ್ದೀನಿ ಅಂತ ಹೇಳ್ತೀನಿ. ನಿಜವಾಗಿ ಆಡಿದ್ದು ಚೆಂಡು ತರೋ ಆಟ.

ಇಲ್ಲಿ ಲೆಕ್ಕ ನೋಡಿ. ಎಸೆಯೋಕೆ ಬರೋನಿಗೆ ಇನ್ನಷ್ಟು ಎಸೆತ ಸಿಗತ್ತೆ, ಹಾಗಾಗಿ ಇನ್ನಷ್ಟು ಬರತ್ತೆ. ಬರದೋಳಿಗೆ ಎಸೆತವೇ ಸಿಗಲ್ಲ, ಹಾಗಾಗಿ ಬರೋದೇ ಇಲ್ಲ. ಒಂದೆರಡು ವರ್ಷ ಹೀಗೇ ನಡೆದ ಮೇಲೆ ಇಬ್ಬರ ಮಧ್ಯೆ ಇರೋ ಅಂತರ ನೋಡಿ ದೊಡ್ಡವರು ಅಂತಾರೆ: "ಅವನಿಗೆ ಹುಟ್ಟಿನಿಂದ್ಲೇ ಬಂದಿದೆ."

ಹುಟ್ಟಿನಿಂದ ಬಂದದ್ದಲ್ಲ ಸ್ವಾಮಿ. ಸರದಿಯಿಂದ ಬಂದದ್ದು.

ಎಸೆಯೋಕೆ ಬರದ ಮಗು ಎಸೆತ ಒಂದನ್ನೇ ಬಿಡಲ್ಲ. ಕ್ರಿಕೆಟ್ ಬಿಡತ್ತೆ, ಥ್ರೋಬಾಲ್ ಬಿಡತ್ತೆ, ಹ್ಯಾಂಡ್‌ಬಾಲ್ ಬಿಡತ್ತೆ. ಹೈಸ್ಕೂಲಿಗೆ ಬರೋ ಹೊತ್ತಿಗೆ ಪಿಟಿ ಪೀರಿಯಡ್‌ನಲ್ಲಿ ಮರದ ಕೆಳಗೆ ಕೂತಿರತ್ತೆ. ನಮ್ಮ ಕ್ಲಾಸಲ್ಲೂ ಹಾಗೆ ಕೂತಿದ್ದವರು ಎಷ್ಟು ಜನ, ನೆನಪಿದ್ಯಾ? ಅವರಲ್ಲಿ ನಾನೊಬ್ಬಳು.

*3/8*

ಈಗ ಎಲ್ಲರಿಗೂ ಗೊತ್ತಿರೋ ಕಥೆಗೆ ಬರೋಣ. ದ್ರೋಣರು ಮರದ ಮೇಲೆ ಒಂದು ಬೊಂಬೆ ಹಕ್ಕಿ ಇಟ್ಟು ಏನು ಕಾಣ್ತಿದೆ ಅಂತ ಕೇಳಿದ್ರು. ಉಳಿದವರು ಮರ ಕಾಣ್ತಿದೆ, ನೀವು ಕಾಣ್ತಿದ್ದೀರಿ, ಅಣ್ಣತಮ್ಮಂದಿರು ಕಾಣ್ತಿದ್ದಾರೆ ಅಂದ್ರು. ಅರ್ಜುನನಿಗೆ ಮಾತ್ರ ಹಕ್ಕಿ ಬಿಟ್ಟು ಬೇರೇನೂ ಕಾಣ್ಲಿಲ್ಲ. ಶಾಲೆ ಶಾಲೆಯಲ್ಲೂ ಏಕಾಗ್ರತೆ ಪಾಠಕ್ಕೆ ಇದೇ ಕಥೆ.

ಆ ಕಥೆಯಲ್ಲಿ ಇನ್ನೊಂದು ವಿಷ್ಯ ಇದೆ, ಅದನ್ನ ಯಾರೂ ಹೇಳಲ್ಲ. ಧರ್ಮರಾಯನಿಂದ ಹಿಡಿದು ಉಳಿದವರಿಗೆಲ್ಲ ದ್ರೋಣರು ಬಾಣ ಬಿಡೋಕೇ ಬಿಡ್ಲಿಲ್ಲ. ಪಕ್ಕಕ್ಕೆ ನಿಲ್ಲು ಅಂದ್ರು. ಕೌರವ ಪಾಂಡವರೆಲ್ಲ ಬಿಲ್ಲು ಹಿಡಿದು ನಿಂತಿದ್ರು, ಬಾಣ ಬಿಟ್ಟದ್ದು ಒಬ್ಬ.

ದ್ರೋಣರನ್ನ ಬೈತಿಲ್ಲ. ಅವರು ಇಟ್ಟದ್ದು ಪರೀಕ್ಷೆ, ಅದೂ ವರ್ಷಗಟ್ಟಲೆ ಬಿಲ್ವಿದ್ಯೆ ಕಲಿಸಿದ ಮೇಲೆ. ನಾವು ಮಾಡ್ತಿರೋದೇನು? ಕಲಿಸೋದಕ್ಕೆ ಮೊದಲೇ ಪರೀಕ್ಷೆ ಇಡ್ತಿದ್ದೀವಿ. ಮೊದಲ ದಿನವೇ ಹಕ್ಕಿ ಕಣ್ಣು ತೋರಿಸಿ, ತಾಗದಿದ್ರೆ ಪಕ್ಕಕ್ಕೆ ನಿಲ್ಲು ಅಂತೀವಿ. ಆ ಪುಟ್ಟ ಕೈಗೆ ಮೊದಲು ಬೇಕಾಗಿರೋದು ಮರ. ಇಡೀ ಮರ. ಎಲ್ಲಿಗೆ ಎಸೆದ್ರೂ ಯಾವುದಾದ್ರೂ ಕೊಂಬೆಗೆ ತಾಗೋ ಅಂಥ ಮರ.

ಜಾತ್ರೆಯಲ್ಲಿ ಡಬ್ಬ ಬೀಳಿಸೋ ಅಂಗಡಿ ನೋಡಿದ್ದೀರಲ್ಲ? ದೂರಕ್ಕೆ ಗೆರೆ, ಮೂರು ಚೆಂಡು, ಅಷ್ಟೇ. ಆ ಅಂಗಡಿಯವನು ಹಾಗೆ ಇಡೋದಕ್ಕೆ ಕಾರಣ ಇದೆ. ನೀವು ಸೋತ್ರೇನೇ ಅವನಿಗೆ ಲಾಭ. ನಾನು ಮೈದಾನದಲ್ಲಿ ಹದಿನೈದು ಹೆಜ್ಜೆ ದೂರಕ್ಕೆ ಒಂದು ಕಡ್ಡಿ ನೆಟ್ಟು ಮೂರು ಚಾನ್ಸ್ ಕೊಟ್ಟೆನಲ್ಲ, ಅದರಿಂದ ಯಾರಿಗೆ ಲಾಭ ಆಯ್ತು?

ಟೀಚರ್ ಆಗೋಕೆ ಹೋಗಿ ಜಾತ್ರೆ ಅಂಗಡಿ ಇಟ್ಕೊಂಡಿದ್ದೆ ನಾನು.

*4/8*

ಸಾಲಲ್ಲಿ ನಿಲ್ಲಿಸೋದರ ಲೆಕ್ಕ ಮಾಡೋಣ. ಮೇಷ್ಟ್ರು ಆಗೋರು ನಾವು, ಲೆಕ್ಕಕ್ಕೆ ಹೆದರಬಾರದು.

ಪೀರಿಯಡ್ 40 ನಿಮಿಷ. ಸಾಲು ಮಾಡ್ಸೋದು, ಜಗಳ ಬಿಡ್ಸೋದು, ನೀರು ಕುಡಿಯೋದು ಅಂತ 10 ನಿಮಿಷ ಹೋಯ್ತು. ಉಳಿದದ್ದು 30. ಮಕ್ಕಳು 30, ಚೆಂಡು ಒಂದು. ಒಂದು ಮಗುವಿನ ಪಾಲಿಗೆ 1 ನಿಮಿಷ. ಎಸೆದು, ಓಡಿ, ತಂದು ಕೊಡೋಕೆ 20 ಸೆಕೆಂಡ್ ಅಂದ್ರೂ ಮೂರು ಎಸೆತ. ಮೂರು ಎಸೆತ ಎಸೆಯೋಕೆ 29 ನಿಮಿಷ ಬಿಸಿಲಲ್ಲಿ ನಿಲ್ಲಬೇಕು. ಆ ಮೂರೂ ತಪ್ಪಿದ್ರೆ 29 ಜನ ನೋಡ್ತಿರ್ತಾರೆ.

ಈಗ ಒಬ್ಬೊಬ್ಬರಿಗೂ ಒಂದೊಂದು ಚೆಂಡು. ಎಲ್ಲರೂ ಗೋಡೆ ಕಡೆ ಮುಖ. ಒಂದು ಸೀಟಿಗೆ ಎಲ್ಲರೂ ಎಸೆಯೋದು, ಇನ್ನೊಂದು ಸೀಟಿಗೆ ಎಲ್ಲರೂ ಹೋಗಿ ತರೋದು. ಒಂದು ಸುತ್ತಿಗೆ ಒಂದು ನಿಮಿಷ ಹಿಡಿದ್ರೂ ಅದೇ 30 ನಿಮಿಷಕ್ಕೆ 30 ಎಸೆತ. ಹತ್ತು ಪಟ್ಟು! ಎಲ್ಲರೂ ಒಟ್ಟಿಗೆ ಎಸೀತಿರೋದ್ರಿಂದ ಯಾರದು ತಪ್ಪಿತು ಅಂತ ನೋಡೋಕೆ ಯಾರಿಗೂ ಪುರುಸೊತ್ತಿಲ್ಲ.

"ಮೂವತ್ತು ಚೆಂಡಿಗೆ ದುಡ್ಡೆಲ್ಲಿ?" ಅಂತ ತಾನೇ? ಹಳೇ ಪೇಪರ್ ಉಂಡೆ ಮಾಡಿ ಮೇಲೆ ಟೇಪ್ ಸುತ್ತಿ. ಒಂಟಿ ಆಗಿರೋ ಕಾಲ್ಚೀಲ ತಗೊಂಡು ಒಳಗೆ ಬಟ್ಟೆ ಚೂರು ತುಂಬಿ ಗಂಟು ಹಾಕಿ. ಹುಣಸೆ ಬೀಜ ತುಂಬಿದ ಅಂಗೈಯಗಲದ ಬಟ್ಟೆ ಚೀಲ ಹೊಲಿಸಿ, ಅದು ಬಿದ್ದಲ್ಲೇ ಬಿದ್ದಿರತ್ತೆ, ಉರುಳಿಕೊಂಡು ಹೋಗಲ್ಲ. ಮಗುವಿನ ಬೆರಳು ಸುತ್ತಿ ಹಿಡಿಯೋಕೆ ಆಗಬೇಕು, ಮೈಗೆ ಬಿದ್ರೆ ನೋವಾಗಬಾರದು. ಇಷ್ಟೇ ನಿಯಮ. ದೊಡ್ಡ ಫುಟ್ಬಾಲ್ ಕೊಟ್ಟು ಒಂದೇ ಕೈಯಲ್ಲಿ ಎಸಿ ಅಂದ್ರೆ ಹೇಗೆ ಎಸೀಬೇಕು?

ಇನ್ನು ಸರ್ಕಾರಿ ಶಾಲೆಗೆ ದುಡ್ಡು ಬರಲ್ಲ ಅನ್ನೋದೂ ಪೂರ್ತಿ ನಿಜ ಅಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಆಟದ ಸಾಮಾನಿಗೆ ಅಂತ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿವರೆಗೆ ಕೊಡೋಕೆ ಅವಕಾಶ ಇದೆ. ಬಂತಾ, ಬಂದಿದ್ರೆ ಯಾವ ಬೀರು ಒಳಗೆ ಬೀಗ ಹಾಕಿಟ್ಟಿದ್ದಾರೆ ಅಂತ ಕೇಳಿ. ಬೀರು ಒಳಗಿರೋ ಚೆಂಡು ಯಾವ ಮಗುವಿಗೂ ಏನೂ ಕಲಿಸಲ್ಲ.

*5/8*

ಈ ಪೋಸ್ಟ್ ಹುಡುಗರಿಗೆ. "ಹುಡುಗಿ ತರ ಎಸೀಬೇಡ ಮಗಾ." ಎಷ್ಟು ಸಲ ಹೇಳಿದ್ದೀರ?

ಒಂದು ಕೆಲಸ ಮಾಡಿ. ಒಂದು ಚೆಂಡು ತಗೊಳ್ಳಿ. ಬಲಗೈಯವರು ಎಡಗೈಯಲ್ಲಿ ಎಸೀರಿ, ಎಡಗೈಯವರು ಬಲಗೈಯಲ್ಲಿ. ಜೋರಾಗಿ, ಇಪ್ಪತ್ತು ಹೆಜ್ಜೆ ದೂರದ ಕಂಬಕ್ಕೆ. ಯಾರಾದ್ರೂ ವಿಡಿಯೋ ಮಾಡ್ಲಿ. ಆಮೇಲೆ ನೋಡಿ: ಮೊಣಕೈ ಕೆಳಗೆ ಬಿದ್ದಿರತ್ತೆ, ಸೊಂಟ ತಿರುಗಿರಲ್ಲ, ಯಾವ ಕಾಲು ಮುಂದಿಡ್ಬೇಕು ಅಂತ ಗೊತ್ತಾಗದೆ ಒದ್ದಾಡಿರ್ತೀರ, ಚೆಂಡು ಎಲ್ಲೋ ಹೋಗಿರತ್ತೆ.

ಅದೇ ನೀವು ಹೇಳೋ "ಹುಡುಗಿ ತರ". ಅದು ಹುಡುಗಿಯ ಎಸೆತ ಅಲ್ಲ. ಅಭ್ಯಾಸ ಇಲ್ಲದ ಕೈಯ ಎಸೆತ. ನಿಮ್ಮ ಮೈಯಲ್ಲೇ ಅಂಥದ್ದೊಂದು ಕೈ ಇದೆ.

ಪ್ರಾಮಾಣಿಕವಾಗಿ ಒಂದು ಮಾತು ಒಪ್ಕೋತೀನಿ. ಎಸೆತದ ವಿಷಯದಲ್ಲಿ ಹುಡುಗ ಹುಡುಗಿಯರ ನಡುವಿನ ವ್ಯತ್ಯಾಸ ಚಿಕ್ಕ ವಯಸ್ಸಿನಲ್ಲೇ ಕಾಣತ್ತೆ, ಓಟ ಜಿಗಿತಕ್ಕಿಂತ ಜಾಸ್ತಿ ಕಾಣತ್ತೆ ಅಂತ ಅಧ್ಯಯನಗಳು ಹೇಳ್ತವೆ. ಮೈಕಟ್ಟಿನ ಪಾಲೂ ಇರಬಹುದು. ಆದ್ರೆ ಆಸ್ಟ್ರೇಲಿಯಾದ ಮೂಲನಿವಾಸಿ ಮಕ್ಕಳನ್ನ ನೋಡಿದ ಸಂಶೋಧಕರಿಗೆ ಅದೇ ಅಂತರ ಬೇರೆ ಕಡೆಗಿಂತ ಕಡಿಮೆ ಕಂಡಿತು. ಅಂದ್ರೆ ಅಂತರ ಕಲ್ಲಲ್ಲಿ ಕೆತ್ತಿದ್ದಲ್ಲ. ಹೆಣ್ಣುಮಕ್ಕಳ ಕೈಗೆ ಏನು ಕೊಟ್ಟು ಬೆಳೆಸ್ತೀವಿ ಅನ್ನೋದರ ಮೇಲೂ ನಿಂತಿದೆ.

ನಮ್ಮಲ್ಲಿ ಏನು ಕೊಡ್ತೀವಿ? ಹುಡುಗ ಮಾವಿನಕಾಯಿಗೆ ಕಲ್ಲು ಎಸೆದ್ರೆ "ತುಂಟ". ಹುಡುಗಿ ಎಸೆದ್ರೆ "ಗಂಡುಬೀರಿ". ಅವನು ಐದು ವರ್ಷದಲ್ಲಿ ಸಾವಿರಾರು ಎಸೆತ ಎಸೆದಿರ್ತಾನೆ, ಅವಳು ಬಿದ್ದ ಕಾಯಿ ಲಂಗದಲ್ಲಿ ಆರಿಸ್ಕೊಂಡಿರ್ತಾಳೆ. ಆಮೇಲೆ ಇಬ್ಬರನ್ನೂ ಒಂದೇ ಗೆರೆ ಮೇಲೆ ನಿಲ್ಲಿಸಿ ಪರೀಕ್ಷೆ!

*6/8*

ಸರಿ, ಬೈದದ್ದು ಸಾಕು. ಹಾಗಾದ್ರೆ ಹೇಗೆ ಕಲಿಸೋದು? ಇದನ್ನ ಸೇವ್ ಮಾಡ್ಕೊಳ್ಳಿ.

ಒಂದು. ಮೊದಲು ಜೋರು, ಆಮೇಲೆ ಗುರಿ. ಇದು ಉಲ್ಟಾ ಅನ್ಸತ್ತೆ, ಆದ್ರೆ ಮುಖ್ಯ. "ಸರಿಯಾಗಿ ನೋಡಿ ಎಸಿ" ಅಂದ ತಕ್ಷಣ ಮಗು ಮೈ ಬಿಗಿ ಹಿಡಿದು ಚೆಂಡನ್ನ ಕೈಯಿಂದ ಮುಂದಕ್ಕೆ ತಳ್ಳತ್ತೆ. ಸೊಂಟ, ಭುಜ, ಕಾಲು ಯಾವುದೂ ಕೆಲಸಕ್ಕೆ ಬರಲ್ಲ. "ಗೋಡೆ ಬಿದ್ದುಹೋಗೋ ಹಾಗೆ ಎಸಿ" ಅನ್ನಿ. ಮೈ ತಾನಾಗೇ ತಿರುಗತ್ತೆ. ಗುರಿ ಆಮೇಲೆ ತಿದ್ದಬಹುದು. ತಳ್ಳೋ ಅಭ್ಯಾಸ ಕೂತ್ರೆ ಬಿಡ್ಸೋದು ಕಷ್ಟ.

ಎರಡು. ಮೂರೇ ಪದ: ತಿರುಗು, ಹೆಜ್ಜೆ, ಬೀಸು. ಗುರಿಗೆ ಪಕ್ಕೆ ಕೊಟ್ಟು ನಿಲ್ಲೋದು. ಎಸೆಯೋ ಕೈಗೆ ಎದುರಿನ ಕಾಲು ಮುಂದಿಡೋದು. ಕೈ ಹಿಂದೆ ತಗೊಂಡು ಬೀಸಿ, ಚೆಂಡು ಬಿಟ್ಟ ಮೇಲೂ ಕೈ ಇನ್ನೊಂದು ಬದಿ ಸೊಂಟದ ಕಡೆ ಬರೋವರೆಗೆ ನಿಲ್ಲಿಸದೆ ಇರೋದು. ಪುಟ್ಟ ಮಕ್ಕಳು ಎಸೆಯೋ ಕೈ ಯಾವುದೋ ಅದೇ ಬದಿ ಕಾಲು ಮುಂದಿಡ್ತಾರೆ, ಅದು ಕಲಿಕೆಯ ಒಂದು ಮೆಟ್ಟಿಲು, ದಡ್ಡತನ ಅಲ್ಲ. ಎಡ ಬಲ ಗೊಂದಲ ಆದ್ರೆ ಎಸೆಯೋ ಕೈಗೂ ಎದುರು ಕಾಲಿಗೂ ಒಂದೇ ಬಣ್ಣದ ದಾರ ಕಟ್ಟಿ. "ಕೆಂಪು ಕೆಂಪು ಒಟ್ಟಿಗೆ" ಅಂದ್ರೆ ಸಾಕು.

ಮೂರು. ಗುರಿ ದೊಡ್ಡದಿರ್ಲಿ, ಹತ್ತಿರ ಇರ್ಲಿ, ಸದ್ದು ಮಾಡ್ಲಿ. ಹಗ್ಗಕ್ಕೆ ಹಾಕಿದ ಹಳೇ ಬೆಡ್‌ಶೀಟ್, ನೇತುಹಾಕಿದ ಖಾಲಿ ಎಣ್ಣೆ ಡಬ್ಬ. ಡಣ್ ಅಂತ ಸದ್ದು ಬಂದ್ರೆ "ಗುಡ್" ಅಂತ ಯಾರೂ ಹೇಳೋದೇ ಬೇಡ. ಅಂಗನವಾಡಿ ವಯಸ್ಸಿನವರಿಗೆ ಬಕೆಟ್ ಒಳಗೆ ಕೆಳಗಿನಿಂದ ಹಾಕೋ ಎಸೆತ ಸಾಕು.

ನಾಲ್ಕು. ನಾನು ಇಟ್ಕೊಂಡ ಲೆಕ್ಕ: ಹತ್ತರಲ್ಲಿ ಏಳು ತಾಗಿದ್ರೆ ಒಂದು ಹೆಜ್ಜೆ ಹಿಂದೆ. ಮೂರಕ್ಕಿಂತ ಕಡಿಮೆ ತಾಗಿದ್ರೆ ಒಂದು ಹೆಜ್ಜೆ ಮುಂದೆ. ಒಬ್ಬೊಬ್ಬರಿಗೆ ಒಂದೊಂದು ಗೆರೆ. ಎಲ್ಲರಿಗೂ ಒಂದೇ ಗೆರೆ ಎಳೆಯೋದು ಸಮಾನತೆ ಅಲ್ಲ, ಸೋಮಾರಿತನ.

ಐದು. ದೂರ ಬದಲಾಯಿಸ್ತಾ ಇರಿ. 1978ರಲ್ಲಿ ಕೆರ್ ಮತ್ತು ಬೂತ್ ಅನ್ನೋ ಸಂಶೋಧಕರು ಎಂಟು ವರ್ಷದ ಮಕ್ಕಳ ಕೈಲಿ ಪುಟ್ಟ ಚೀಲ ಎಸೆಸಿದ್ರು. ಒಂದು ಗುಂಪಿಗೆ 3 ಅಡಿ ದೂರದ ಗುರಿ ಮಾತ್ರ. ಇನ್ನೊಂದು ಗುಂಪಿಗೆ 2 ಅಡಿ ಮತ್ತು 4 ಅಡಿ, 3 ಅಡಿ ಒಮ್ಮೆಯೂ ಇಲ್ಲ. ಕೊನೆಗೆ ಇಬ್ಬರಿಗೂ 3 ಅಡಿಯಲ್ಲೇ ಪರೀಕ್ಷೆ. ಗೆದ್ದದ್ದು ಎರಡನೇ ಗುಂಪು! ಪ್ರಯೋಗ ಸಣ್ಣದೇ. ಆದ್ರೆ ಒಂದೇ ಗೆರೆಯಲ್ಲಿ ನಿಂತು ನೂರು ಸಲ ಎಸೆಯೋದೇ ಅಭ್ಯಾಸ ಅಂತ ನಂಬಿರೋರು ಒಂದು ಸಲ ಯೋಚನೆ ಮಾಡ್ಬೇಕು.

*7/8*

ಸ್ಟೋರಿ ಹಾಕಿದಾಗ ಬಂದ ಆಕ್ಷೇಪಗಳಿಗೆ ಉತ್ತರ.

"ಸುಲಭ ಮಾಡಿಕೊಟ್ರೆ ಸೋಲೋದು ಯಾವಾಗ ಕಲೀತಾರೆ?" ಸೋಲು ಬೇಡ ಅಂತ ನಾನೆಲ್ಲಿ ಹೇಳಿದೆ? ಹತ್ತರಲ್ಲಿ ಏಳು ತಾಗಿದ ಮಗುವಿಗೆ ತಪ್ಪಿದ ಮೂರು ಎಸೆತ ಏನಾದ್ರೂ ಹೇಳತ್ತೆ: ಬೇಗ ಬಿಟ್ಟೆ, ತಡವಾಗಿ ಬಿಟ್ಟೆ, ಕಾಲು ಇಡ್ಲಿಲ್ಲ. ಹತ್ತಕ್ಕೆ ಹತ್ತೂ ತಪ್ಪಿದ ಮಗುವಿಗೆ ಹೇಳೋದು ಒಂದೇ: ನೀನು ಬೇಡ. ಮೊದಲನೆಯದು ಪಾಠ. ಎರಡನೆಯದು ಅವಮಾನ. ಎರಡನ್ನೂ ಸೋಲು ಅಂತ ಕರೀಬೇಡಿ.

"ಪಾಠವೇ ಮುಗಿಯಲ್ಲ, ಇದಕ್ಕೆಲ್ಲಿ ಟೈಮು?" ನಲಿ-ಕಲಿ ಅಂತ ಹೆಸರಿಟ್ಟು ನಲಿಯೋದಕ್ಕೆ ಟೈಮಿಲ್ಲ ಅಂದ್ರೆ ಹೇಗೆ? ಗೋಡೆ ಮೇಲೆ ಅಂಕಿ ಬರೀರಿ, ಎರಡು ಎಸೆತ ಎಸೆದು ಕೂಡ್ಸೋಕೆ ಹೇಳಿ. ಅಕ್ಷರ ಬರೀರಿ, "ಮ" ಎಲ್ಲಿದೆ ಹೊಡಿ ಅನ್ನಿ. ಆದ್ರೆ ಗಣಿತಕ್ಕೆ ಉಪಯೋಗ ಆಗತ್ತೆ ಅಂತ ಮಾತ್ರ ಎಸೆತ ಕಲಿಸ್ಬೇಡಿ. ಎಸೆಯೋದೂ ಒಂದು ಕಲಿಕೆನೇ.

"ಆಟದಲ್ಲಿ ಬರದಿರೋ ಮಕ್ಕಳು ಅಂಪೈರ್ ಆಗ್ಲಿ, ಸ್ಕೋರ್ ಬರೀಲಿ." ಓದೋಕೆ ಬರದ ಮಗುವಿಗೆ ಬೋರ್ಡ್ ಒರೆಸೋ ಕೆಲಸ ಕೊಡ್ತೀರಾ? ಕಾಲಿಗೆ ಶಕ್ತಿ ಇಲ್ಲದ, ಗಾಲಿಕುರ್ಚಿಯಲ್ಲಿರೋ ಮಗುವನ್ನೂ ಸ್ಕೋರ್ ಬರಿ ಅಂತ ಕೂರಿಸೋದು ನಮ್ಮ ಅಭ್ಯಾಸ. ಬೊಚ್ಚಾ ಅಂತ ಒಂದು ಆಟ ಇದೆ, ಮೆತ್ತನೆ ಚೆಂಡನ್ನ ಒಂದು ಬಿಳಿ ಚೆಂಡಿನ ಹತ್ತಿರಕ್ಕೆ ಎಸೆಯೋದು. ಕೈಕಾಲಿನ ಮೇಲೆ ಹಿಡಿತ ತುಂಬ ಕಡಿಮೆ ಇರೋರು ಕೂತೇ ಆಡೋ ಆಟ ಅದು. 1984ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಕಾಲ್ಚೀಲದ ಚೆಂಡು, ಕ್ಲಾಸ್‌ರೂಮ್ ನೆಲ ಇದ್ರೆ ನಾಳೆನೇ ಶುರು ಮಾಡಬಹುದು.

"ಎಸೆಯೋಕೆ ಕಲಿಸಿದ್ರೆ ಕಲ್ಲು ಎಸೀತಾರೆ." ಈ ಮಾತಿಗೆ ಮಾತ್ರ ಅರ್ಧ ಒಪ್ಪಿಗೆ. ಬೀದಿನಾಯಿಗೆ ಗುರಿ ಇಡೋ ಕೈಗಳನ್ನ ನಾವೆಲ್ಲ ನೋಡಿದ್ದೀವಿ. ಅದಕ್ಕೇ ಮೊದಲ ದಿನದ ಮೊದಲ ನಿಯಮ: ಗುರಿ ಯಾವತ್ತೂ ಜೀವ ಇರೋದು ಆಗಬಾರದು. ನಾಯಿ ಅಲ್ಲ, ಹಕ್ಕಿ ಅಲ್ಲ, ಗೆಳೆಯನ ಬೆನ್ನೂ ಅಲ್ಲ. ನಾವು ಕಲಿಸದಿದ್ರೂ ಮಕ್ಕಳು ಎಸೀತಾರೆ. ಕಲಿಸಿದ್ರೆ ನಿಯಮಾನೂ ಜೊತೆಗೇ ಹೋಗತ್ತೆ.

*8/8*

ಕೊನೇದು. ಇದು ಮೇಲಿನವರಿಗೆ, ಅಂದ್ರೆ ಮುಂದೆ ನಮಗೂ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ನೋಡಿ. ಆಟದ ಮೈದಾನ ಇರಬೇಕು ಅಂತಿದೆ. ಪ್ರತಿ ತರಗತಿಗೂ ಬೇಕಾದಷ್ಟು ಆಟದ ಸಾಮಾನು ಕೊಡಬೇಕು ಅಂತಿದೆ. ಆದ್ರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಅನ್ನೋ ಮಾತು ಬರೋದು 6ರಿಂದ 8ನೇ ತರಗತಿಗೆ, ಅದೂ ಮಕ್ಕಳು ನೂರಕ್ಕಿಂತ ಹೆಚ್ಚಿದ್ರೆ. 1ರಿಂದ 5ಕ್ಕೆ ಅಂಥ ಒಂದು ಸಾಲೂ ಇಲ್ಲ. ಎಸೆತ, ಹಿಡಿತ, ಜಿಗಿತ ಎಲ್ಲ ಮೈಗೂಡೋ ವಯಸ್ಸಿಗೆ ಹೇಳಿಕೊಡೋರು ಯಾರೂ ಇಲ್ಲ, ಅದು ತಪ್ಪಿಹೋದ ಮೇಲೆ ಸೀಟಿ ಹಿಡಿದು ಒಬ್ಬರು ಬರ್ತಾರೆ, ಅವರೂ ಬಂದ್ರೆ.

ಹಾಗಾದ್ರೆ ಆ ಐದು ವರ್ಷ ಯಾರ ಕೈಲಿದೆ? ನಮ್ಮ ಕೈಲಿ. ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಮೇಷ್ಟ್ರೂ ನಾವೇ, ಗಣಿತ ಮಿಸ್ಸೂ ನಾವೇ, ಪಿಟಿ ಸರ್ರೂ ನಾವೇ. "ನಂಗೆ ಕ್ರೀಡೆ ಬರಲ್ಲ" ಅಂತ ತಪ್ಪಿಸ್ಕೊಳ್ಳೋಕೆ ನಮಗೆ ದಾರಿ ಇಲ್ಲ. ನನಗೂ ಬರಲ್ಲ. ಚರಂಡಿಯಿಂದ ಚೆಂಡು ತರ್ತಿದ್ದೋಳು ನಾನು. ಬರದೋಳು ಕಲಿಸಬಹುದು, ಗುರಿಯನ್ನ ಹತ್ತಿರ ಇಡೋ ಬುದ್ಧಿ ಇದ್ರೆ.

ಆ ಹುಡುಗಿ ಕಥೆ ಏನಾಯ್ತು ಅಂತ ಎಷ್ಟೋ ಜನ ಡಿಎಂ ಮಾಡಿದ್ರಿ. ಪವಾಡ ಏನೂ ಆಗ್ಲಿಲ್ಲ. ಗಾಡಿ ಚಕ್ರದಷ್ಟು ಸೊನ್ನೆ ಮುಂದೆ, ನಾಲ್ಕು ಹೆಜ್ಜೆ ದೂರದಲ್ಲಿ, ಕಾಲ್ಚೀಲದ ಚೆಂಡು ಕೊಟ್ಟು ನಿಲ್ಲಿಸಿದೆ. ಮೊದಲ ದಿನ ತಾಗಿದ್ದು ಅವಳಿಗೇ ನಂಬಿಕೆ ಆಗ್ಲಿಲ್ಲ, ತಿರುಗಿ ನನ್ನ ಮುಖ ನೋಡಿದಳು. ಎರಡು ವಾರ ಆದ್ಮೇಲೂ ವಿಕೆಟ್‌ಗೆ ಹೊಡೆಯೋಕೆ ಬರ್ತಿರ್ಲಿಲ್ಲ, ಈಗಲೂ ಬರುತ್ತೋ ಇಲ್ವೋ. ಆದ್ರೆ ನನ್ನ ಕೊನೇ ದಿನ ಅವಳು ಕೇಳಿದ್ದು ಇದು: "ಮಿಸ್, ಇನ್ನೊಂದ್ ಹೆಜ್ಜೆ ಹಿಂದೆ ಹೋಗ್ಲಾ?"

"ನಂಗೆ ಬರಲ್ಲ" ಅಂದಿದ್ದ ಮಗು. ನಾನು ಬದಲಾಯಿಸಿದ್ದು ಬರೀ ಗೆರೆ.

ಈಗ ನಿಮ್ಮ ಕೆಲಸ. ಈ ಭಾನುವಾರ ಮನೆ ಹತ್ತಿರದ ಪುಟ್ಟ ಮಗು ಜೊತೆ ಒಂದು ಕಾಲ್ಚೀಲದ ಚೆಂಡು ಮಾಡಿ. ಗೋಡೆ ಮೇಲೆ ದೊಡ್ಡ ಸೊನ್ನೆ ಬರೀರಿ (ಮನೆ ಓನರ್‌ನ ಕೇಳ್ಕೊಂಡು!). ಹತ್ತಿರ ನಿಲ್ಲಿಸಿ, ಜೋರಾಗಿ ಎಸಿ ಅನ್ನಿ. ಮಗುವಿನ ಮುಖ ಬೇಡ, ಸೊನ್ನೆ ಫೋಟೋ ಹಾಕಿ ನನ್ನ ಟ್ಯಾಗ್ ಮಾಡಿ. ಹುಡುಗರು ಎಡಗೈ ವಿಡಿಯೋ ಮರೀಬೇಡಿ, ಕಾಯ್ತಿರ್ತೀನಿ.

ಒಪ್ಪದವರು ಕಾಮೆಂಟಲ್ಲಿ ಜಗಳಕ್ಕೆ ಬನ್ನಿ. ಆದ್ರೆ ಮೊದಲು ಹದಿನೈದು ಹೆಜ್ಜೆ ದೂರದಿಂದ, ಅಭ್ಯಾಸ ಇಲ್ಲದ ಕೈಯಲ್ಲಿ, ಆ ವಿಕೆಟ್‌ಗೆ ಮೂರು ಸಲ ಎಸೆದು ಬನ್ನಿ. ಮೂವತ್ತು ಜನ ನೋಡ್ತಿರ್ಲಿ.

#ಮೊದಲುಮರ #ಗುರಿಹತ್ತಿರಇಡಿ #ಎಡಗೈಚಾಲೆಂಜ್ #ಡಿಎಡ್‌ಡೈರಿ